ಪಾಟಿ ಮ್ಯಾಲಿನ ಪ್ರೋಗ್ರಾಮು

ನಮ್ಮೂರು ಇಟಗಿ ಅಂದ ಕೂಡಲೆ "ಓ, ಮಹಾದೇವ ದೇವಾಲಯದ ಇಟಗಿಯಾ?" ಅಂತ ಕೇಳ್ತಾರೆ. ಅಲ್ಲ ಸ್ವಾಮಿ. 1112ರಲ್ಲಿ ಕಟ್ಟಿದ ಆ ದೊಡ್ಡ ಗುಡಿ ಇರೋದು ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ. ನಮ್ಮದು ಗದಗ ಜಿಲ್ಲೆಯದು, ರೋಣ-ಗಜೇಂದ್ರಗಡ ಸೀಮೆಯ ಇಟಗಿ, ಭೀಮವ್ವನ ಇಟಗಿ. ಎರೆ ಭೂಮಿ, ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲಿ. ಗುಡಿಯ ಫೋಟೋ ಹಾಕಿ ಅಂತ ಕೇಳೋ ಗೆಳೆಯರಿಗೆ ಇದು ಕೊನೆಯ ಸ್ಪಷ್ಟೀಕರಣ :-)

ಮೊನ್ನೆ ಜೋಳದ ಸುಗ್ಗಿ ಹೊತ್ತಿಗೆ ಊರಿಗೆ ಹೋಗಿದ್ದೆ. ಅಕ್ಕನ ಮನೆ ನಮ್ಮ ಓಣಿಯಲ್ಲೇ. ಹೊಸ್ತಿಲು ದಾಟೋದರೊಳಗೆ ಅಕ್ಕ ಶುರು ಮಾಡಿದಳು.

"ತಮ್ಮಾ, ನೀನರ ಒಂದೀಟು ಅವಂಗ ಬುದ್ಧಿ ಹೇಳೋ. ಕಾಲೇಜು ಬಿಡ್ತೀನಿ ಅಂತ ಹಟ ಹಿಡದಾನ. ಬ್ಯಾಂಕಿನ ಸಾಲ ತಗದೀವಿ. ನಿಮ್ಮ ಮಾವಾರು ಸರಿಯಾಗಿ ಊಟಾನ ಮಾಡವಲ್ರು."

ಅವನು ಅಂದರೆ ನನ್ನ ಅಳಿಯ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಗಣಿತದಲ್ಲಿ ಚುರುಕು. ಈಗ ಇಂಜಿನಿಯರಿಂಗ್ ಮೊದಲ ವರ್ಷ. ಮೊದಲ ಸೆಮಿಸ್ಟರಿನಲ್ಲಿ ಸಿ ಪ್ರೋಗ್ರಾಮಿಂಗ್ ಡುಮ್ಕಿ. ಉಳಿದದ್ದೆಲ್ಲ ಪಾಸು. ಯಾವ ಕಾಲೇಜು ಅಂತ ಬರೆಯೋದಿಲ್ಲ. ಬರೆದರೂ ಉಪಯೋಗವಿಲ್ಲ, ಇದು ಎಲ್ಲಾ ಕಾಲೇಜಿನ ಕಥೆ.

ನಿಮಗೆ ಗೊತ್ತಿರೋ ಹಾಗೆ ನಾನೂ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದೇ ವಿಷಯ ಕಲಿಸಿ ಹೊಟ್ಟೆ ಹೊರೆಯೋನು. ಹನ್ನೆರಡು ವರ್ಷ ಆಯ್ತು. ಅಷ್ಟೇ ಅಲ್ಲ, 'ನವೀನ ಬೋಧನಾ ವಿಧಾನ' ಅಂತ ಒಂದು ಸಮ್ಮೇಳನದಲ್ಲಿ ಪೇಪರು ಓದಿ ಪ್ರಮಾಣಪತ್ರ ತಂದವನು. ಹಾಗಾಗಿ ಮನಸ್ಸಿನೊಳಗೆ ಒಂದು ಸಣ್ಣ ಜಂಬ... ಹತ್ತು ನಿಮಿಷದಾಗ ಸರಿ ಮಾಡ್ತೀನಿ ಅಂತ.

ಪಡಸಾಲೆಯಲ್ಲಿ ಎದುರುಬದುರು ಕುಂತೆವು.

"ಏನ್ ತಿಳೀವಲ್ತು ಹೇಳು."

"ಎಲ್ಲಾ ತಿಳೀತದ ಮಾಮಾ. ಸರ್ರು ಬೋರ್ಡ್ ಮ್ಯಾಲ ಬರದಾಗ ತಿಳೀತದ. ಲ್ಯಾಬಿನ್ಯಾಗೂ ಓಡ್ತದ, ಚಾಟ್‌ಜಿಪಿಟಿ ಬರದು ಕೊಡ್ತದ. ನಾನ ಪೆನ್ನು ಹಿಡದು ಕುಂತ್ರ ಏನೂ ಬರಂಗಿಲ್ಲ. ನನ್ನ ತಲಿಗೆ ಇದು ಹತ್ತಂಗಿಲ್ಲ ಬಿಡು. ಅಪ್ಪನ ಜೋಡಿ ಹೊಲಕ್ಕ ಹೋಗ್ತೀನಿ."

ಹೊಲಕ್ಕೆ ಹೋಗೋದು ಕಡಿಮೆ ಕೆಲಸ ಅಂತ ನಾನು ಹೇಳೋದಿಲ್ಲ. ಆದರೆ 'ನನ್ನ ತಲಿಗೆ ಹತ್ತಂಗಿಲ್ಲ' ಅನ್ನೋ ಮಾತು ಇದೆಯಲ್ಲ, ಅದು ಕೇಳಿ ಹೊಟ್ಟೆಯಲ್ಲಿ ಒಂಥರಾ ಆಯ್ತು. ಯಾಕಂದ್ರೆ ನಾನೂ ಮೊದಲ ಸಲ ಇದೇ ವಿಷಯದಲ್ಲಿ ಡುಮ್ಕಿ ಹೊಡೆದವನೇ. ಎಕ್ಸ್ = ಎಕ್ಸ್ + 1 ಅಂತ ಬೋರ್ಡಿನ ಮೇಲೆ ಬರೆದಾಗ, "ಎರಡೂ ಕಡೆ ಎಕ್ಸ್ ತೆಗೆದರೆ 0 = 1 ಆಗ್ತದಲ್ಲ, ಇದು ಸುಳ್ಳು ಸಮೀಕರಣ" ಅಂತ ಕೂತಿದ್ದೆ. ಇಂಗ್ಲಿಷಿನಲ್ಲಿ ಕೇಳೋಕೆ ಬಾಯಿ ಬರಲಿಲ್ಲ. ಇಡೀ ಸೆಮಿಸ್ಟರು ಕೇಳಲೇ ಇಲ್ಲ.

ಇರಲಿ. ನನ್ನ ಹಳೇ ಅಸ್ತ್ರ ತೆಗೆದೆ. ಎರಡು ಬಟ್ಟಲು, ಒಂದು ಹಿಡಿ ಕಡಲಿ. "ನೋಡು, ವೇರಿಯಬಲ್ ಅಂದ್ರ ಡಬ್ಬಿ. ಈ ಬಟ್ಟಲ ಎ, ಇದರಾಗ ಐದು. ಆ ಬಟ್ಟಲ ಬಿ, ಅದರಾಗ ಏಳು." ಆಮೇಲೆ ಹಾಳೆಯ ಮೇಲೆ ಎರಡು ಸಾಲು ಬರೆದೆ. ಮೊದಲು ಎ = ಬಿ. ಆಮೇಲೆ ಬಿ = ಎ. "ಎರಡೂ ಸಾಲು ಓಡಿದ ಮ್ಯಾಲ ಯಾವ್ದರಾಗ ಎಷ್ಟು?"

ಅವನು ಎ ಬಟ್ಟಲದ ಐದು ಕಡಲಿ ತೆಗೆದು ಬಾಯಿಗೆ ಹಾಕಿಕೊಂಡ. ಬಿ ಬಟ್ಟಲದ ಏಳನ್ನು ಎ ಒಳಗೆ ಸುರಿದ. ಆಮೇಲೆ ಅದೇ ಏಳನ್ನು ವಾಪಸ್ ಬಿ ಒಳಗೆ ಸುರಿದ. "ಬಿ ದಾಗ ಏಳು, ಎ ಖಾಲಿ," ಅಂದ.

ಸರಿ ಉತ್ತರ ಎರಡರಲ್ಲೂ ಏಳು. 'ತಪ್ಪು' ಅನ್ನೋಕೆ ಬಾಯಿ ತೆರೆದಿದ್ದೆ. ಏನೋ ಅನ್ನಿಸಿ "ಹೆಂಗ?" ಅಂತ ಕೇಳಿದೆ.

"ನೀನ ಡಬ್ಬಿ ಅಂದೆಲ್ಲ ಮಾಮಾ. ಒಂದು ಡಬ್ಬಿಯಿಂದ ಇನ್ನೊಂದಕ್ಕ ಹಾಕಿದ್ರ ಮೊದಲಿಂದು ಖಾಲಿ ಆಗಬೇಕಲ್ಲ? ನಮ್ಮ ಸರ್ರೂ ಡಬ್ಬಿ ಅಂತನ ಹೇಳ್ಯಾರ."

ನಾನು ಸುಮ್ಮನಾದೆ. ಹುಡುಗನ ತರ್ಕದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ನಾನು ಕೊಟ್ಟ ಹೋಲಿಕೆಯನ್ನು ನಿಯತ್ತಾಗಿ ಪಾಲಿಸಿದ್ದ. ಇಡೀ ಪರೀಕ್ಷೆಯನ್ನೂ ಅದೇ ನಿಯಮದ ಮೇಲೆ ಬರೆದಿರಬೇಕು. ಮೌಲ್ಯಮಾಪಕರಿಗೆ ಕಂಡದ್ದು ಬರೀ ಸೊನ್ನೆ.

ಗಾಬರಿ ಅಂದರೆ, ನಾನು ಪೇಪರಿನಲ್ಲಿ 'ನಾವೀನ್ಯ' ಅಂತ ಬರೆದದ್ದು ಇದೇ ಡಬ್ಬಿಯನ್ನು! ಹನ್ನೆರಡು ವರ್ಷ, ವರ್ಷಕ್ಕೆ ಎರಡು ಸೆಕ್ಷನ್ನು... ಎಷ್ಟು ಹುಡುಗರ ತಲೆಯೊಳಗೆ ಡಬ್ಬಿ ಖಾಲಿಯಾಗಿತ್ತೋ?

ಅಷ್ಟೊತ್ತಿಗೆ ಅಕ್ಕನ ಸಣ್ಣ ಮಗಳು ಪಾಟಿ ಹಿಡಕೊಂಡು ಬಂದಳು. ಒಂದನೇ ತರಗತಿ. ನನಗೆ ಆಗ ಹೊಳೀತು. ಅವಳ ಪಾಟಿ ಇಸಕೊಂಡೆ, ಜಂತಿ ಮೇಲಿದ್ದ ಹಳೇದೊಂದನ್ನು ಇಳಿಸಿದೆ. ಒಂದರ ಮೇಲೆ 5, ಇನ್ನೊಂದರ ಮೇಲೆ 7.

"ಈಗ ಕಡಲಿ ಮರತುಬಿಡು. ಎ = ಬಿ ಅಂದ್ರ, ಬಿ ಪಾಟಿ ನೋಡು, ಏನೈತಿ ಓದು, ಎ ಪಾಟಿ ಒರಸು, ಅದನ್ನ ಬರಿ. ಅಷ್ಟ."

ಓದಿದ, ಒರೆಸಿದ, ಬರೆದ. ಬಿ ಪಾಟಿಯ ಮೇಲಿನ ಏಳು ಹಾಗೇ ಇತ್ತು. ಅದನ್ನೇ ಒಂದು ಕ್ಷಣ ನೋಡಿದ. "ಓದಿದ್ರ ಅಳಸಂಗಿಲ್ಲ!" ಅಂದ. ಆಮೇಲೆ ನಾನು ಏನೂ ಹೇಳಬೇಕಾಗಲಿಲ್ಲ. ಎಕ್ಸ್ = ಎಕ್ಸ್ + 1 ಅನ್ನೂ ತಾನೇ ಮಾಡಿದ. ನೋಡಿದ, ಒಂದು ಕೂಡಿಸಿದ, ಒರೆಸಿ ಬರೆದ. ಕೊನೆಗೆ "ಎ ದಾಗಿಂದು ಬಿ ಗೆ, ಬಿ ದಾಗಿಂದು ಎ ಗೆ ಅದಲುಬದಲು ಮಾಡು" ಅಂದೆ. ಎರಡು ಸಲ ಪ್ರಯತ್ನಿಸಿದ, ಎರಡು ಸಲವೂ ಒಂದು ಸಂಖ್ಯೆ ಕಳೆದುಹೋಯ್ತು. ಆಮೇಲೆ ತಂಗಿ ಕಡೆ ತಿರುಗಿ, "ಲೇ ಪುಟ್ಟಿ, ಬಾಜೂ ಮನಿಯಿಂದ ಇನ್ನೊಂದು ಪಾಟಿ ತಗೊಂಬಾ" ಅಂದ.

ಸಿ ಪಾಠ ಮಾಡುವವರಿಗೆ ಗೊತ್ತು, ಆ ಮೂರನೇ ಪಾಟಿ ಅಂದರೆ ಏನು ಅಂತ. ಪುಸ್ತಕದಲ್ಲಿ ಅದನ್ನು ಬಾಯಿಪಾಠ ಮಾಡಿಸ್ತೀವಿ. ಇವನು ತಾನೇ ಕೇಳಿ ತರಿಸಿಕೊಂಡ.

ರಾತ್ರಿ ಮಾಳಿಗೆ ಮೇಲೆ ಮಲಗಿ ಮೊಬೈಲಿನಲ್ಲಿ ಹುಡುಕಾಡಿದೆ. ನನಗೆ ಹೊಸದಾಗಿ ಹೊಳೆದದ್ದು ಬೇರೆಯವರಿಗೆ ಯಾವಾಗಲೋ ಗೊತ್ತಿತ್ತು. ಬ್ರಿಟನ್ನಿನ ಬೆನೆಡಿಕ್ಟ್ ಡು ಬೂಲೆ 1986ರಲ್ಲೇ ಈ ಡಬ್ಬಿ ಹೋಲಿಕೆ ದಾರಿ ತಪ್ಪಿಸಬಹುದು ಅಂತ ಬರೆದಿದ್ದರು. ವಿದ್ಯಾರ್ಥಿಯ ತಲೆಯೊಳಗೆ ಯಂತ್ರದ ಒಂದು ಚಿತ್ರ ಇರ್ತದೆ, ಅದು ತಪ್ಪಿದ್ದರೆ ಎಷ್ಟು ಪ್ರೋಗ್ರಾಮು ತೋರಿಸಿದರೂ ವ್ಯರ್ಥ ಅನ್ನೋದು ಅದರ ಸಾರ. 2001ರಲ್ಲಿ ಮೈಕೆಲ್ ಮೆಕ್‌ಕ್ರಾಕೆನ್ ಮತ್ತು ಸಂಗಡಿಗರು ನಾಲ್ಕು ವಿಶ್ವವಿದ್ಯಾಲಯಗಳ 216 ವಿದ್ಯಾರ್ಥಿಗಳಿಗೆ ಪ್ರೋಗ್ರಾಮು ಬರೆಯೋ ಪರೀಕ್ಷೆ ಕೊಟ್ಟರು. 110 ಅಂಕಕ್ಕೆ ಸರಾಸರಿ ಬಂದದ್ದು 22.89. ಅಂದರೆ ನನ್ನ ಅಳಿಯ ಒಬ್ಬನೇ ಅಲ್ಲ. ಮುಂಜಾನೆ ಇದನ್ನು ಹೇಳಿದಾಗ ಅವನ ಮುಖದಲ್ಲಿ ಬಂದ ಬೆಳಕು ಪಾಟಿಯಿಂದ ಬಂದದ್ದಕ್ಕಿಂತ ಹೆಚ್ಚಿತ್ತು!

ನಮ್ಮ ಕಡೆ ಯಾರೂ ಏನೂ ಮಾಡ್ತಿಲ್ಲ ಅಂತ ಅಲ್ಲ. ನಮ್ಮ ಹುಬ್ಬಳ್ಳಿಯನ್ನೇ ನೋಡಿ. 1947ರಲ್ಲಿ ಶುರುವಾದ ಬಿವಿಬಿ ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಇಂಜಿನಿಯರಿಂಗ್ ಹೇಗೆ ಕಲಿಸಬೇಕು ಅನ್ನೋದನ್ನೇ ಸಂಶೋಧನೆ ಮಾಡೋ ಕೇಂದ್ರ ಅಲ್ಲಿದೆ. ಮೊದಲ ವರ್ಷದ ಹುಡುಗರು ತಂಡ ಕಟ್ಟಿಕೊಂಡು ಏನಾದರೂ ಮಾಡಿ ತೋರಿಸೋ ಕೋರ್ಸೂ ಇದೆ. ಐಐಟಿ ಬಾಂಬೆಯಲ್ಲಿ ಮೊದಲ ವರ್ಷದ ದೊಡ್ಡ ಪ್ರೋಗ್ರಾಮಿಂಗ್ ಕ್ಲಾಸಿನಲ್ಲಿ 'ಯೋಚಿಸು, ಜೋಡಿಯಾಗಿ ಚರ್ಚಿಸು, ಎಲ್ಲರಿಗೂ ಹೇಳು' ಅನ್ನೋ ಪದ್ಧತಿ ಪ್ರಯೋಗಿಸಿ, ಶೇಕಡಾ 83ರಷ್ಟು ತೊಡಗಿಕೊಳ್ಳುವಿಕೆ ಕಂಡಿತು ಅಂತ 2013ರಲ್ಲಿ ಪ್ರಕಟಿಸಿದರು. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತಿತರರು 225 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಬರೀ ಉಪನ್ಯಾಸ ಕೇಳಿದವರು ಫೇಲಾಗೋ ಸಾಧ್ಯತೆ ಒಂದೂವರೆ ಪಟ್ಟು ಅಂತ ಬಂತು.

ಆದರೆ ಇದು ನಮ್ಮಂಥ ಕಾಲೇಜಿಗೆ ಬಂದು ಮುಟ್ಟೋದು ಹೇಗೆ? ಫೈಲಾಗಿ. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಖಾಯಂ ಸದಸ್ಯ ಆಯ್ತು. 'ವಿದ್ಯಾರ್ಥಿ ಕೊನೆಗೆ ಏನು ಮಾಡಬಲ್ಲ?' ಅನ್ನೋ ಒಳ್ಳೇ ಪ್ರಶ್ನೆ ಅದರ ಹಿಂದೆ ಇತ್ತು. ನಮ್ಮಲ್ಲಿ ಅದು ಎಕ್ಸೆಲ್ ಕೋಷ್ಟಕ ಆಯ್ತು. ತಪಾಸಣೆ ಹತ್ತಿರ ಬಂದರೆ ನಾವು ಮಾಸ್ತರರು ರಾತ್ರಿ ಕೂತು ಅಂಕಿ ತುಂಬ್ತೀವಿ. ನಾನೂ ತುಂಬಿದ್ದೇನೆ. ನನ್ನ ಪೇಪರಿನಲ್ಲಿ ಸರಾಸರಿ ಅಂಕ ಏರಿದ ಪಟ್ಟಿ ಇತ್ತು, ಅದು ನಿಜವೂ ಹೌದು. ಆದರೆ ಏರಿದವರು ಯಾರು, ಏರದೆ ಕೆಳಗೇ ಉಳಿದವರು ಯಾರು, ಅವರ ತಲೆಯಲ್ಲಿ ಏನಿತ್ತು ಅಂತ ನಾನು ಒಬ್ಬರನ್ನೂ ಕೇಳಿರಲಿಲ್ಲ. 'ಹೆಂಗ?' ಅನ್ನೋ ಒಂದು ಶಬ್ದ ಕೇಳೋಕೆ ನನ್ನ ಅಕ್ಕನ ಮಗನೇ ಫೇಲಾಗಬೇಕಾಯ್ತು.

ಭಾಷೆಯ ಮಾತೂ ಇದೆ. ಯೋಗೇಂದ್ರ ಪಾಲ್ ಮತ್ತು ಶ್ರೀಧರ ಅಯ್ಯರ್ ಅವರು ಹಿಂದಿ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳಿಗೆ ಪ್ರೋಗ್ರಾಮಿಂಗ್ ಕಲಿಸೋದರ ಮೇಲೆ ಕೆಲಸ ಮಾಡಿದ್ದಾರೆ. ಕ್ಲಾಸಿನಲ್ಲಿ ತಾಯಿನುಡಿ ನೆರವಾಗ್ತದೆ, ತಮ್ಮ ವೇಗದಲ್ಲಿ ನಿಲ್ಲಿಸಿ ನೋಡಬಹುದಾದ ವೀಡಿಯೋದಲ್ಲಾದರೆ ಇಂಗ್ಲಿಷೂ ನಡೀತದೆ ಅನ್ನೋದು ಅವರು ಕಂಡದ್ದು. ನನಗೆ ಇದು ಬಹಳ ಸರಿ ಅನ್ನಿಸ್ತು. ಕ್ಲಾಸಿನ ಮಾತಿಗೆ 'ವಾಪಸ್' ಗುಂಡಿ ಇರೋದಿಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡದ ಧ್ವನಿ ಇರೋ ಸಣ್ಣ ಸಣ್ಣ ವೀಡಿಯೋಗಳಿವೆ. ಅಳಿಯನಿಗೆ ಅದರ ಕೊಂಡಿ ಕಳಿಸಿದೆ.

ವಾಪಸ್ ಬಂದ ಮೇಲೆ ನಾನು ಒಂದೇ ಒಂದು ಬದಲಾವಣೆ ಮಾಡಿದೆ. ಕ್ಲಾಸಿನಲ್ಲಿ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಅದೇ ಎರಡು ಸಾಲು ಬರೆದು, "ಹೆಸರು ಬೇಡ. ಉತ್ತರ ಬರೀರಿ, ಯಾಕೆ ಅಂತ ಬರೀರಿ. ಕನ್ನಡದಲ್ಲಿ ಬರೆದರೂ ಸರಿ" ಅಂದೆ. 'ಖಾಲಿ' ಅಂದವರ ಚೀಟಿ ಬೇರೆ ಮಾಡ್ತಾ ಹೋದೆ. ಮೂರೋ ನಾಲ್ಕೋ ಇರಬಹುದು ಅಂದುಕೊಂಡಿದ್ದೆ. ಹಿಡಿಯಲ್ಲಿ ಹಿಡಿಸಲಿಲ್ಲ. ಆ ಕಟ್ಟು ಈಗಲೂ ನನ್ನ ಟೇಬಲ್ಲಿನ ಮೇಲಿದೆ. ಪೇಪರು ಬರೆಯೋಕೆ ಅಲ್ಲ, ಜಂಬ ಬಂದಾಗ ನೋಡಿಕೊಳ್ಳೋಕೆ.

ಅಳಿಯ ಸೋಮವಾರ ಕಾಲೇಜಿಗೆ ಹೋದ. ಚೀಲದಲ್ಲಿ ಅಕ್ಕ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ, ಮತ್ತೆ ಆ ಹಳೇ ಪಾಟಿ. ಹಾಸ್ಟೆಲ್ಲಿನ ಹುಡುಗರು ನಗ್ತಾರೆ ಅಂದೆ. "ನಗಲಿ ಬಿಡು ಮಾಮಾ, ಆ ಖಾಲಿ ಡಬ್ಬಿ ಗಿರಾಕಿಗಳು ಇನ್ನೂ ಇಬ್ಬರು ಅದಾರ ನಮ್ಮ ರೂಮಿನ್ಯಾಗ," ಅಂದ. ಬ್ಯಾಕ್‌ಲಾಗ್ ಪರೀಕ್ಷೆ ಇನ್ನೂ ಬರೆಯಬೇಕು. ಪಾಸಾಗ್ತಾನೋ ಇಲ್ಲವೋ ಗೊತ್ತಿಲ್ಲ. ಆದರೆ 'ತಲಿಗೆ ಹತ್ತಂಗಿಲ್ಲ' ಅನ್ನೋ ಮಾತು ಮತ್ತೆ ಬಂದಿಲ್ಲ.

ನಿಮ್ಮಲ್ಲಿ ಸಾಫ್ಟ್‌ವೇರಿನವರು, ಮಾಸ್ತರರು ಬಹಳ ಮಂದಿ ಇದ್ದೀರಿ. ನಿಮ್ಮ ತಲೆಯೊಳಗೂ ಇಂಥ ಒಂದು ಡಬ್ಬಿ ಕೂತಿತ್ತಾ? ಅದನ್ನು ಒಡೆದವರು ಯಾರು? ಬರೀರಿ, ಓದೋಕೆ ಕಾಯ್ತಿರ್ತೀನಿ.