ನಿಲ್ಲುವ ವಿದ್ಯೆ

ಓಡುವುದನ್ನು ಹೊಗಳುವವರು ಲೋಕದಲ್ಲಿ ಬಹಳ ಮಂದಿ. ನಿಲ್ಲುವುದನ್ನು ಹೊಗಳುವವರು ಕಡಮೆ. ಕಾರನ್ನು ಕಂಡವರೆಲ್ಲ ಅದು ಎಷ್ಟು ವೇಗವಾಗಿ ಹೋಗುತ್ತದೆಂದು ಕೇಳುತ್ತಾರೆಯೇ ಹೊರತು, ಎಷ್ಟು ಮಾರಿನೊಳಗೆ ನಿಲ್ಲುತ್ತದೆಂದು ಕೇಳಿದವರನ್ನು ನಾನು ಕಂಡಿಲ್ಲ. ಕೇಳುವವರು ಒಬ್ಬರಿದ್ದಾರೆ, ಅವರು ನನ್ನ ಸೋದರಮಾವ.

ಹೊಳೆನರಸೀಪುರದಲ್ಲಿ ಅವರದೊಂದು ಚಿಕ್ಕ ಗ್ಯಾರೇಜು. ಭಾನುವಾರಗಳಲ್ಲಿ ನಾನು ಅಲ್ಲಿ ಸ್ಪ್ಯಾನರು ಎತ್ತಿಕೊಡುವ ಕೆಲಸಕ್ಕೆ ಹೋಗುವುದುಂಟು. ಮಾವ ಓದಿದ್ದು ನಾಲ್ಕನೆಯ ತರಗತಿ. ಆದರೆ ಎಂಜಿನ್ನಿನ ಸದ್ದಿನಿಂದಲೇ ಅದರ ರೋಗವನ್ನು ಹೇಳಬಲ್ಲರು. ಕಳೆದ ಕಾರ್ತಿಕದಲ್ಲಿ ಅರಕಲಗೂಡಿನ ವಕೀಲರೊಬ್ಬರು ತಮ್ಮ ಕಾಂಟೆಸಾ ಕಾರನ್ನು ಅಲ್ಲಿಗೆ ತಂದರು. ಹಿಂದೂಸ್ಥಾನ್ ಮೋಟಾರ್ಸಿನವರು 1984ರಿಂದ 2002ರವರೆಗೆ ತಯಾರಿಸಿದ ಕಾರು ಅದು. ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್‌ನದು. ಮುಂದೆ ಜಪಾನಿನ ಇಸುಜು ಎಂಜಿನ್ನೂ ಸೇರಿತು. ಒಂದು ಕಾಲಕ್ಕೆ ಅಂಬಾಸಿಡರಿಗಿಂತ ಒಂದು ಮೆಟ್ಟಿಲು ಮೇಲಿನ ದೊಡ್ಡಸ್ತಿಕೆ ಅದರದು.

"ಬ್ರೇಕು ಕಲ್ಲಿನ ಹಾಗಾಗಿದೆ. ಚನ್ನರಾಯಪಟ್ಟಣಕ್ಕೆ ಹೋಗಿ ಬಂದರೆ ಎರಡು ದಿನ ಮಂಡಿ ನೋವು" ಎಂದರು ವಕೀಲರು. ಬೂಸ್ಟರನ್ನು ಕಿತ್ತುಹಾಕಿ ಪೈಪಿಗೆ ಬಿರಡೆ ಬಡಿಸಿಬಿಡಿ ಎಂದು ಯಾರೋ ಅವರಿಗೆ ಹೇಳಿದ್ದರಂತೆ. "ಹಳೆಯ ಅಂಬಾಸಿಡರಿಗೆ ಬೂಸ್ಟರ್ ಎಲ್ಲಿತ್ತು?" ಎಂಬುದು ಅವರ ವಾದ. ಅದೂ ಆಗದಿದ್ದರೆ, ತಂದೆಯ ಕಾಲದ ಆ ಕಾರನ್ನು ಗುಜರಿಗೆ ಹಾಕುವುದೆಂದು ನಿಶ್ಚಯಿಸಿದ್ದರು.

ಮಾವ ಎಂಜಿನ್ ನಿಲ್ಲಿಸಿ ಬ್ರೇಕನ್ನು ಹತ್ತಾರು ಸಲ ತುಳಿದರು. ಕೊನೆಗೆ ತುಳಿದ ಕಾಲನ್ನು ಹಾಗೆಯೇ ಇಟ್ಟು ಎಂಜಿನ್ ಹೊರಡಿಸಿದರು. ಬೂಸ್ಟರ್ ಸರಿಯಾಗಿದ್ದರೆ ಆಗ ಪೆಡಲು ತುಸು ಕೆಳಗಿಳಿಯಬೇಕು. ಅದು ಅಲುಗಲಿಲ್ಲ, ಒಳಗೆಲ್ಲೋ ಹಾವು ಬುಸುಗುಟ್ಟಿದ ಹಾಗೆ ಸದ್ದು ಬಂದಿತು.

ಈ ಬೂಸ್ಟರ್ ಎಂಬುದು ತಟ್ಟೆಗಳೆರಡನ್ನು ಬೋರಲಾಗಿ ಕೂಡಿಸಿದಂಥ ತಗಡಿನ ಡಬ್ಬಿ. ನಡುವೆ ರಬ್ಬರಿನ ಪೊರೆ. ಪೆಟ್ರೋಲ್ ಎಂಜಿನ್ ಉಸಿರೆಳೆಯುವಾಗ ಡಬ್ಬಿಯೊಳಗಿನ ಗಾಳಿಯನ್ನೂ ಹೀರಿಕೊಳ್ಳುತ್ತದೆ. ಕಾಲು ಪೆಡಲನ್ನು ಒತ್ತಿದಾಗ ಪೊರೆಯ ಹಿಂಬದಿಗೆ ಮಾತ್ರ ಹೊರಗಿನ ಗಾಳಿ ನುಗ್ಗಿ, ಪೊರೆಯನ್ನು ಮುಂದಕ್ಕೆ ತಳ್ಳುತ್ತದೆ. ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ.; ನಮ್ಮ ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಇಲ್ಲಿ ತುಸು ಕಡಮೆ. ಪೊರೆಯ ಅಗಲ 20 ಸೆಂಟಿಮೀಟರೆಂದು ಹಿಡಿದರೆ ವಿಸ್ತೀರ್ಣ 314 ಚದರ ಸೆಂಟಿಮೀಟರು. ಅರ್ಧದಷ್ಟು ಒತ್ತಡ ದಕ್ಕಿದರೂ 150 ಕೆ.ಜಿ.ಯಷ್ಟು ಬಲ! ಅಂದರೆ ನಮ್ಮ ಸೀಮೆಯ 50 ಕೆ.ಜಿ.ಯ ಮೂರು ಆಲೂಗಡ್ಡೆ ಮೂಟೆಗಳು ಕಾಲಿನ ಜೊತೆಗೆ ಬ್ರೇಕನ್ನು ಒತ್ತಿದಂತೆ. ಬೆಲ್ಜಿಯಮ್ಮಿನ ಆಲ್ಬರ್ಟ್ ಡೆವಾಂಡ್ರ್ ಎಂಬಾತನ ಈ ಉಪಾಯವನ್ನು 1927ರಲ್ಲಿ ಬಾಷ್ ಕಂಪನಿ ಮಾರಾಟಕ್ಕೆ ತಂದಿತು.

ಹಾಗಾದರೆ ಹಳೆಯ ಅಂಬಾಸಿಡರು ಹೇಗೆ ನಿಲ್ಲುತ್ತಿತ್ತು? ಅದರ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು. ತಿರುಗುವ ಡ್ರಮ್ಮೇ ಒಳಗಿನ ಶೂವನ್ನು ತನ್ನ ಕಡೆಗೆ ಎಳೆದುಕೊಂಡು ಹಿಡಿತವನ್ನು ಹೆಚ್ಚಿಸುತ್ತದೆ. ಕಾಂಟೆಸಾದ ಮುಂದಿನ ಚಕ್ರಗಳಿಗಿರುವ ಡಿಸ್ಕಿಗೆ ಆ ಗುಣವಿಲ್ಲ. ಒತ್ತಿದಷ್ಟೇ ಹಿಡಿತ. ಬೂಸ್ಟರನ್ನು ನಂಬಿಯೇ ಕಟ್ಟಿದ ಬ್ರೇಕು ಅದು. ಮಾವನಿಗೆ ಈ ಲೆಕ್ಕ ಬಾರದು; ತೀರ್ಪು ಮಾತ್ರ ಗೊತ್ತು.

"ಬಿಚ್ಚಾದು ಸಲೀಸು ಸ್ವಾಮಿ. ಬಿಚ್ಚಿದ್ಮೇಲೆ ಗಾಡಿ ನಿಲ್ಬೇಕಲ್ಲ! ಅಡ್ಡ ಬಂದ ಮಗೀಗೆ ಬಿರಡೆ ಬಡಿದಿದ್ದು ಗೊತ್ತಾ? ಆ ಕೆಲ್ಸ ನಾ ಮಾಡಾಕಿಲ್ಲ" ಎಂದುಬಿಟ್ಟರು. ಬಿರಡೆ ಬಡಿದಿದ್ದರೆ ಅಂದೇ ಕೂಲಿ ಕೈಗೆ ಬರುತ್ತಿತ್ತು. ವಕೀಲರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ, ಸರಿಯಾಗಿಯೇ ಮಾಡು" ಎಂದರು.

ಮೊದಲು ಬೂಸ್ಟರಿನ ಗಾಳಿ ಪೈಪನ್ನು ಕಳಚಿದೆವು. ಮಾಸ್ಟರ್ ಸಿಲಿಂಡರಿನ ನಟ್ಟುಗಳನ್ನು ಬಿಚ್ಚಿ, ಎಣ್ಣೆಯ ಕೊಳವೆಗಳು ಬಾಗದಂತೆ ಅದನ್ನು ಮುಂದಕ್ಕೆ ಸರಿಸಿದೆವು. ಬಳಿಕ ನಾನು ಸೀಟಿನ ಕೆಳಗೆ ತಲೆ, ಬಾಗಿಲ ಹೊರಗೆ ಕಾಲು ಎಂಬ ಭಂಗಿಯಲ್ಲಿ ಮಲಗಿ, ಪೆಡಲಿನ ಪಿನ್ನು ಎಳೆದು, ಹಿಂಬದಿಯ ನಟ್ಟುಗಳನ್ನು ಸಡಿಲಿಸಿದೆ. ಡಬ್ಬಿ ಹೊರಬಂದಾಗ ಅದರ ಮೂತಿ ಒದ್ದೆಯಾಗಿತ್ತು. ಸಿಲಿಂಡರಿನ ಹಳೆಯ ವಾಷರಿನಿಂದ ಬ್ರೇಕ್ ಎಣ್ಣೆ ಜಿನುಗಿ ಪೊರೆಯನ್ನು ತಿಂದುಹಾಕಿತ್ತು. ಅದು ಕಾರಿನ ತಪ್ಪಲ್ಲ, ವಯಸ್ಸಿನ ತಪ್ಪು. ಡಬ್ಬಿಯನ್ನಷ್ಟೇ ಬದಲಿಸಿದ್ದರೆ ಹೊಸ ಪೊರೆಗೂ ಅದೇ ಗತಿ. ಆದ್ದರಿಂದ ಎರಡನ್ನೂ ಬೆಂಗಳೂರಿನ ರಿಪೇರಿಯವರಿಗೆ ಕಳುಹಿಸಿದೆವು. ಮೂರು ವಾರದ ಮೇಲೆ ಅವು ಬಂದವು. ಜೋಡಿಸಿ, ಕೊಳವೆಯೊಳಗಿನ ಗಾಳಿ ತೆಗೆದು, ಮೊದಲಿನ ಪರೀಕ್ಷೆಯನ್ನೇ ಮಾಡಿದಾಗ ಪೆಡಲು ಮೆಲ್ಲನೆ ಕೆಳಗಿಳಿಯಿತು. ವಕೀಲರ ಮುಖ ನೋಡಬೇಕಾಗಿತ್ತು!

ಬಿ.ಎ. ಓದಿ ಏನು ಮಾಡುತ್ತೀಯೆಂದು ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಕೇಳುತ್ತಿದ್ದಾರೆ. ಕಾಲೇಜು ಕಂಡವರು ನಮ್ಮಲ್ಲಿ ಹಿಂದೆ ಯಾರೂ ಇಲ್ಲದ್ದರಿಂದ ಆ ಪ್ರಶ್ನೆ ಸಹಜವೇ. ಮಾವ ಮಾತ್ರ ಕೇಳಲಿಲ್ಲ; ಕೆಲಸ ಕೊಟ್ಟರು. "ಇದ್ನೆಲ್ಲ ಕನ್ನಡ್ದಲ್ಲಿ ಬರ್ದು ಗೋಡೆಗೆ ಅಂಟ್ಸು ಮಗ. ಹುಡುಗ್ರು ನೋಡ್ಕೊಳ್ಳಿ" ಎಂದರು. ಏಳು ಸಾಲುಗಳಲ್ಲಿ ಬರೆದೆ. ಇತಿಹಾಸದ ಯಾವ ಪ್ರಬಂಧಕ್ಕೂ ನಾನು ಒಂದೊಂದು ಮಾತನ್ನು ಅಷ್ಟು ತೂಗಿ ಇಟ್ಟಿರಲಿಲ್ಲ. ಇಲ್ಲಿ ಮಾತು ತಪ್ಪಿದರೆ ಗಾಡಿ ನಿಲ್ಲುವುದಿಲ್ಲ.

ಗ್ಯಾರೇಜಿನ ಕಿರಿಯ ಹುಡುಗ ಅದನ್ನು ಎರಡು ಸಲ ಓದಿ, "ಅಣ್ಣಾ, ಡೀಸೆಲ್ ಎಂಜಿನ್ ಹಿಂಗೆ ಹೀರಾಕಿಲ್ವಲ್ಲ, ಅದಕ್ಕೇನು?" ಎಂದ. ಅದಕ್ಕೆ ಗಾಳಿ ಹೀರುವ ಬೇರೆ ಪಂಪೇ ಇರುತ್ತದೆಂದು ಮಾವ ಬಾನೆಟ್ಟಿನ ಕೆಳಗಿನಿಂದಲೇ ಕೂಗಿದರು. ನಾನು ಎಂಟನೆಯ ಸಾಲು ಬರೆದೆ.