ಸುಮ್ಮನೆ ನಿಂತವನ ಪಾಲು

ಡಿಪೆಷ್ ಮೋಡ್ ತಂಡದ '101' ಕೇಳಿದವರೆಲ್ಲ ಕೊನೆಯ ಹಾಡಿನ ಮಾತಾಡುತ್ತಾರೆ. 1988ರ ಜೂನ್ 18, ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಊರಿನ ರೋಸ್ ಬೌಲ್ ಕ್ರೀಡಾಂಗಣ, 60 ಸಾವಿರಕ್ಕೂ ಹೆಚ್ಚು ಜನ. 'ಎವೆರಿಥಿಂಗ್ ಕೌಂಟ್ಸ್' ಮುಗಿದು ವಾದ್ಯಗಳು ನಿಂತ ಮೇಲೂ ಜನ ಪಲ್ಲವಿ ಬಿಡುವುದಿಲ್ಲ. ವ್ಯಾಪಾರದ ದುರಾಸೆಯ ಮೇಲೆ ಬರೆದ ಹಾಡು ಅದು. ಆ ಪ್ರವಾಸದ ಸಾಕ್ಷ್ಯಚಿತ್ರದಲ್ಲಿ ಗಳಿಕೆಯ ಲೆಕ್ಕವನ್ನೂ ತೋರಿಸಿದ್ದಾರೆ. ಮುಚ್ಚಿಡದೆ ತೋರಿಸಿದ್ದು ನಮಗೆ ಹಿಡಿಸಿತು.

ಪ್ರವಾಸದ 101ನೆಯ, ಕೊನೆಯ ಕಾರ್ಯಕ್ರಮ ಅದಾಗಿತ್ತು. ಹಾಗಾಗಿ ಆ ಹೆಸರು. ನಮ್ಮ ಕಡೆ ಮದುವೆ ಮುಯ್ಯಿಗೆ 101 ಬರೆಸುವುದು ನೆನಪಾಗಿ ಮೊದಲ ಸಲ ನಕ್ಕಿದ್ದೆವು. ಆಲ್ಬಂ ಹೊರಬಂದದ್ದು 1989ರಲ್ಲಿ.

ಇಂಗ್ಲೆಂಡಿನ ಬ್ಯಾಸಿಲ್ಡನ್‌ನ ಹುಡುಗರು, ಸಿಂಥಸೈಜರ್ ನಂಬಿ ಹೊರಟವರು. ತಾಳ, ಬಾಸ್ ಹೆಚ್ಚಿನಂಶ ಟೇಪಿನಿಂದ ಬರುತ್ತಿತ್ತು. ಹಾಗಾದರೆ ಇದರಲ್ಲಿ ಲೈವ್ ಏನು ಬಂತು ಅಂತ ಕೇಳಬಹುದು. ಡೇವ್ ಗಾನ್‌ನ ಗಂಟಲು, ಕೀಬೋರ್ಡಿನ ಮೇಲಿನ ಕೈಗಳು, ಮತ್ತೆ ಜನ. 'ನೆವರ್ ಲೆಟ್ ಮಿ ಡೌನ್ ಅಗೇನ್' ಹೊತ್ತಿಗೆ ಇಡೀ ಕ್ರೀಡಾಂಗಣದ ಕೈಗಳು ಮೇಲೆದ್ದು ತೂಗುವುದನ್ನು ಚಿತ್ರದಲ್ಲಿ ನೋಡಬೇಕು, ತೆನೆ ಬಿಟ್ಟ ಜೋಳದ ಹೊಲಕ್ಕೆ ಗಾಳಿ ಹೊಕ್ಕಂತೆ. ಜನರ ಸದ್ದನ್ನು ಕತ್ತರಿಸಿ ಮುಖಂಡರ ಭಾಷಣವನ್ನಷ್ಟೇ ಉಳಿಸುವ ಡೆಸ್ಕಿನವರಿಗೆ ಇದನ್ನು ಕೇಳಿಸಬೇಕು ಅನಿಸುತ್ತದೆ.

ಆದರೆ ನಮಗೆ ಕಾಡುವವನು ಆಂಡಿ ಫ್ಲೆಚರ್. ಹಾಡು ಬರೆಯುವುದು ಮಾರ್ಟಿನ್ ಗೋರ್, ಸಂಗೀತ ಚೆನ್ನಾಗಿ ಬಲ್ಲವನು ಅಲನ್ ವೈಲ್ಡರ್, ಹಾಡುವುದು ಗಾನ್, ನಾನು ಸುಮ್ಮನೆ ಅಲ್ಲಿ ಇಲ್ಲಿ ಅಡ್ಡಾಡಿಕೊಂಡಿರುತ್ತೇನೆ ಎಂಬರ್ಥದಲ್ಲಿ ಆತ ಚಿತ್ರದಲ್ಲಿ ತಮಾಷೆ ಮಾಡುತ್ತಾನೆ. ತಂಡದ ವ್ಯವಹಾರ ನೋಡಿಕೊಳ್ಳುತ್ತಿದ್ದದ್ದು ಅವನೇ. ಎಷ್ಟು ಸಲ ಕೇಳಿದರೂ ಯಾವ ಸ್ವರ ಅವನದು ಅಂತ ನಮಗೆ ಹೇಳಲಾಗಿಲ್ಲ. 2022ರಲ್ಲಿ, 60ರ ವಯಸ್ಸಿಗೆ ತೀರಿಕೊಂಡ. ಉಳಿದ ಇಬ್ಬರೇ ಮರುವರ್ಷ ಆಲ್ಬಂ ತಂದರು, ಪ್ರವಾಸ ಹೋದರು.

ನಮ್ಮಲ್ಲೂ ಅಂಥವನೊಬ್ಬನಿದ್ದಾನೆ. ಜಿಲ್ಲಾ ಕೇಂದ್ರದಲ್ಲಿ ಒಂದು ರೂಮು, ಮೂವರು ಸ್ಟ್ರಿಂಗರ್‌ಗಳು, ಸೆಂಟಿಮೀಟರ್ ಲೆಕ್ಕದ ದುಡ್ಡು. ನಾಲ್ಕನೆಯವನು ಒಂದು ಸಾಲೂ ಬರೆಯುವುದಿಲ್ಲ. ಯಾವ ಹೋಬಳಿಯಲ್ಲಿ ಯಾರ ಕಟ್ಟೆಗೆ ಕೂತರೆ ಮಾತು ಹೊರಡುತ್ತದೆ, ಯಾವ ಗುಮಾಸ್ತರು ಕಡತ ತೋರಿಸುತ್ತಾರೆ, ಮಳೆಗಾಲದಲ್ಲಿ ಯಾವ ಹಳ್ಳದ ದಾರಿ ಬಿಡಬೇಕು, ಎಲ್ಲ ಅವನಿಗೆ ಗೊತ್ತು. ಬೈಕೂ ಅವನದೇ. ಬೈಲೈನ್ ನಮ್ಮದು.

ಈ ವರ್ಷ ಒಂದು ಪತ್ರಿಕೆ ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡಾಗ ಮಾತು ತೆಗೆದದ್ದು ಅವನೇ. "ಮೂರೇ ಪಾಲು ಮಾಡ್ರೋ, ನನ್ನ ಹೆಸರು ಎಲ್ಲಿ ಬರುತ್ತೆ?" ನಾವು ಒಪ್ಪಲಿಲ್ಲ. ಅವನೂ ಬಗ್ಗಲಿಲ್ಲ. ಈಗ ಬೆಂಗಳೂರಿನಲ್ಲಿ ಒಂದು ಗೋದಾಮಿನ ಕೆಲಸಕ್ಕೆ ಮಾತಾಡಿ ಬಂದಿದ್ದಾನೆ, ದೀಪಾವಳಿ ಮುಗಿಸಿ ಹೊರಡುತ್ತಾನಂತೆ.

ಹೋದ ವಾರ ಬಾಕಿಯಲ್ಲಿ ಒಂದಿಷ್ಟು ಬಂತು. ನಾಲ್ಕು ಪಾಲು ಮಾಡಿದೆವು. ಅವನದು 1,150 ರೂಪಾಯಿ, ಲಕೋಟೆಗೆ ಹಾಕಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದೇವೆ. ಸೋಮವಾರದ ಸಂತೆಗೆ ಬಂದವನು ರೂಮಿಗೂ ಬಂದ, ಟೀ ಕುಡಿದ, ಕ್ಯಾಲೆಂಡರ್ ಕಡೆ ನೋಡಲೇ ಇಲ್ಲ.