ಮಾಮಾನ ಕಣ್ಣಿನ ಹೂ

ಬೈಲಹೊಂಗಲ, 1 ಡಿಸೆಂಬರ್ 2025, ಸೋಮವಾರ

ರಾಮದುರ್ಗದ ಕಡೆಯಿಂದ ಮಾಮಾ, ಅತ್ತಿ ಬಂದಿದ್ದಾರೆ. ಹೋದ ಹಂಗಾಮಿನಲ್ಲಿ ಕಬ್ಬು ಕಡಿಯುವಾಗ ರವದಿ ಚುಚ್ಚಿದ ಬಲಗಣ್ಣು. ಹುಣ್ಣು ಮಾಯ್ದರೂ ಬಿಳಿ ಹೂ ಉಳಿದಿದೆ. ಬೆಳಕು ಕಾಣುತ್ತದೆ, ಬೆರಳು ಎಣಿಸಲಾಗದು. ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಬದಲಿಸಬೇಕು, ದಾನದ ಕಣ್ಣು ಬರುವತನಕ ಕಾಯಬೇಕು ಎಂದಿದ್ದಾರಂತೆ ಡಾಕ್ಟರು. ಮಾಮಾ ಇದನ್ನೂ ಪೊರೆ ಎಂದೇ ತಿಳಿದಿದ್ದಾನೆ. "ಎಂ.ಸಿ. ಮೋದಿ ಡಾಕ್ಟರು ಇದ್ದಿದ್ರ ಕ್ಯಾಂಪಿನ್ಯಾಗ ಮುಗಿಸಿಬಿಡತಿದ್ರವಾ." ಪೊರೆ ತೆಗೆಯುವ ಕ್ಯಾಂಪುಗಳಿಗೆ ಹೆಸರಾದ ಮೋದಿಯವರಿಗೂ ಇದಕ್ಕೆ ಇನ್ನೊಬ್ಬರ ಕಣ್ಣು ಬೇಕಾಗುತ್ತಿತ್ತು.

3 ಡಿಸೆಂಬರ್

"ಅಜ್ಜಾ, ಈಗ ಕಣ್ಣು ಪ್ರಿಂಟ್ ಮಾಡ್ತಾರ!" ಮಗ ಮೊಬೈಲ್ ಹಿಡಿದು ಓಡಿಬಂದ. ಸುದ್ದಿ ನಿಜ. ಅಕ್ಟೋಬರ್ 29ರಂದು ಇಸ್ರೇಲಿನ ಹೈಫಾದಲ್ಲಿ ರೋಗಿಯೊಬ್ಬರಿಗೆ ಮುದ್ರಿತ ಕಾರ್ನಿಯಾ ಅಂಗಾಂಶ ಕೂಡಿಸಿದ್ದಾರೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆ, ಐಐಟಿ, ಸಿಸಿಎಂಬಿ ಸೇರಿ ಮಾಡಿದ ಕಾರ್ನಿಯಾವನ್ನು 2022ರಲ್ಲಿ ಮೊಲದ ಕಣ್ಣಿಗೆ ಹಾಕಿದ್ದರು. ಬೆಂಗಳೂರಿನ ಪಂಡೋರಂ ಕಂಪನಿ 2015ರಲ್ಲೇ ಯಕೃತ್ತಿನ ಅಂಗಾಂಶ ಮುದ್ರಿಸಿತ್ತು. ಅತ್ತಿಗೆ ಶ್ಯಾವಿಗೆ ಒತ್ತುವುದನ್ನು ನೆನಪಿಸಿ ಹೇಳಿದೆ: ಜೀವಕೋಶ ಬೆರೆಸಿದ ಅಂಟು ಸೂಜಿಯಿಂದ ಎಳೆಯಾಗಿ ಇಳಿಯುತ್ತದೆ, ಪದರದ ಮೇಲೆ ಪದರ ಕೂಡುತ್ತದೆ.

"ಹಂಗಾರ ಕಿತ್ತೂರ ತಂಗೀಗೆ ಕಿಡ್ನಿ?" ಎಂದಳು. ಅವರಿಗೆ ವಾರಕ್ಕೆರಡು ಡಯಾಲಿಸಿಸ್.

ಸದ್ಯಕ್ಕಂತೂ ಇಲ್ಲ. ರಕ್ತನಾಳದಿಂದ 0.2 ಮಿಲಿಮೀಟರಿಗಿಂತ ದೂರವಾದರೆ ಜೀವಕೋಶ ಆಮ್ಲಜನಕವಿಲ್ಲದೆ ಸಾಯುತ್ತದೆ. ಒಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸೋಸುಗಗಳು, ಒಂದೊಂದಕ್ಕೂ ಕೂದಲಿಗಿಂತ ಸಣ್ಣ ನಾಳಗಳ ಗಂಟು. ಕಾರ್ನಿಯಾ ಅರ್ಧ ಮಿಲಿಮೀಟರು ದಪ್ಪ, ರಕ್ತನಾಳವೇ ಇಲ್ಲ. ಬಹುಪಾಲು ಆಮ್ಲಜನಕ ಗಾಳಿಯಿಂದಲೇ. ಅದಕ್ಕೇ ಅದರ ಪಾಳಿ ಕಿಡ್ನಿಗಿಂತ ಮೊದಲು ಬಂತು.

4 ಡಿಸೆಂಬರ್, ಹೊಸ್ತಿಲ ಹುಣ್ಣಿಮೆ

ಇಬ್ಬರೂ ನಸುಕಿನಲ್ಲೇ ಸವದತ್ತಿ ಬಸ್ಸು ಹತ್ತಿದರು. ಎಲ್ಲಮ್ಮನಿಗೆ ಬೆಳ್ಳಿ ಕಣ್ಣಿನ ಹರಕೆ.

ಮನೆಯಲ್ಲಿ ಉಳಿದವಳು ಆ ಸುದ್ದಿಯನ್ನು ಪೂರ್ತಿ ಓದಿದೆ. ಹೈದರಾಬಾದಿನವರ ಅಂಟು ತಯಾರಾದದ್ದು ಮನುಷ್ಯರ ಕಾರ್ನಿಯಾದಿಂದಲೇ. ಹೈಫಾದ ಜೀವಕೋಶಗಳೂ ಸತ್ತ ದಾನಿಯವು. ಒಂದು ಕಾರ್ನಿಯಾದಿಂದ ಸುಮಾರು 300 ಮಾಡಬಹುದೆಂಬುದು ಅವರ ಲೆಕ್ಕ. ಅದೂ ಒಳಪದರದ ರೋಗಕ್ಕೆ. ಮಾಮಾನ ಕಲೆ ನಡುಪದರದ್ದು. ತಲೆಬರಹ ಬರೆಯುವವರಿಗೆ ಇದೆಲ್ಲ ಬೇಡ, ದಾನಿಯ ಕಾಲವೇ ಮುಗಿಯಿತು ಎಂಬ ಧಾಟಿ. ದಾನಿ ಇಲ್ಲದಿದ್ದರೆ ಆ ಯಂತ್ರಕ್ಕೂ ಕೆಲಸವಿಲ್ಲ.

7 ಡಿಸೆಂಬರ್, ಭಾನುವಾರ

ನೇತ್ರದಾನದ ಫಾರ್ಮು ತಂದೆ. ಅತ್ತಿ ಸಿಡಿಮಿಡಿ: "ಕಣ್ಣ ಕೊಟ್ರ ಮುಂದಿನ ಜನ್ಮಕ್ಕ ಕುರುಡ."

ಮಾಮಾ ಎಲೆಗೆ ಸುಣ್ಣ ಸವರುತ್ತ, "ಹಂಗಾರ ನನಗ ಕೊಡಾಂವ ಕುರುಡಾಗಿ ಹುಟ್ಟಲೇನ?" ಎಂದ. ಅತ್ತಿ ಎದ್ದು ಒಳಗೆ ಹೋದಳು.

ಸಹಿ ಹಾಕಿದ್ದೇನೆ. ಸಕ್ಕರೆ ಕಾಯಿಲೆ, ಕನ್ನಡಕ ಯಾವುದೂ ಅಡ್ಡಿಯಲ್ಲ. ಆದರೆ ಸಹಿಯೊಂದೇ ಸಾಲದು: ಸತ್ತ ಆರು ತಾಸಿನೊಳಗೆ ಕಣ್ಣು ತೆಗೆಯಬೇಕು, ನೇತ್ರ ಭಂಡಾರಕ್ಕೆ ಫೋನ್ ಮಾಡಬೇಕಾದವರು ಮನೆಯವರು. ನಂಬರನ್ನು ಮಗನ ಮೊಬೈಲಿನಲ್ಲಿ ಹಾಕಿಸಿದ್ದೇನೆ.